ಮೇ, ಮೈಟ್ ಮತ್ತು ಎರಡು ತಟ್ಟು

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅವಳ ನಾದಿನಿ ಹಿಂದೆ ಅಲ್ಲೇ ಟವೆಲು ಮಡಚುತ್ತಿದ್ದಾಗ ಕರೆದು ಕರೆದು ಅಂಟಿಸಿಹೋದ ಹೆಸರು ಅದು. ನಾದಿನಿ ಓದು ಮುಗಿಸಿ ಇಂಗ್ಲಿಷ್ ಟೀಚರಾದಳು, ಹೆಸರು ಲಾಂಡ್ರಿಯಲ್ಲೇ ಉಳಿಯಿತು. ಉಗಿಯಲ್ಲಿ ಇಸ್ತ್ರಿ ಮಾಡುವ ಒತ್ತುಯಂತ್ರದ ಆಚೆ ಬದಿಯಲ್ಲಿ ನಿಲ್ಲುವ, ಎಲ್ಲರೂ ದೊಡ್ಡಪ್ಪ ಎನ್ನುವವನು ಅವಳ ತಂದೆಯ ವಾರಗೆಯವನು, ಅವನಿಗೂ ಅವಳು ಅತ್ತಿಗೆಯೇ.

ಉಗಿಯಲ್ಲಿ ನಿಂತು ನಿಂತು ಅವಳಿಗೆ ಉಬ್ಬಸ ಹತ್ತಿತ್ತು. ಡಾಕ್ಟರು "ಆ ಕೆಲಸ ಬಿಡಬೇಕಮ್ಮ" ಅಂದಿದ್ದರು. ಬಿಟ್ಟರೆ ಒಳ್ಳೆಯದು ಅಂದಿದ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳು, 'ಬೇಕು' ಅಂದದ್ದು ಎದೆಯಲ್ಲಿ ಕೂತಿತು. ಮೇಲೆ ರಿಸೆಪ್ಷನ್ನಿನಲ್ಲಿ ಒಂದು ಜಾಗ ಖಾಲಿಯಿತ್ತು, ಅದಕ್ಕೆ ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗಬೇಕಿತ್ತು. ಸಿಕ್ಕರೆ ಸೈ, ಇಲ್ಲವಾದರೆ ಮನೆಯಲ್ಲಿ ಕೂರುವುದೇ.

"ನಾನೀಗ ಅತಿಥಿ," ಪಾಠ ಹೇಳಿಕೊಡಲು ಮನೆಗೆ ಬಂದ ನಾದಿನಿ ಅಡುಗೆಕಟ್ಟೆ ಹತ್ತಿ ಕೂತಳು. "ರೂಮಲ್ಲಿ ಬಿಸಿನೀರು ಬರ್ತಿಲ್ಲ. ಏನಂತೀರಿ ಅತ್ತಿಗೆ?"

"ಯು ಮಸ್ಟ್ ವೇಟ್."

"ಅಯ್ಯೋ! ಕಾಯಿರಿ ಅಂತೀರೋ, ಜಗಳಕ್ಕೆ ಕರೀತೀರೋ? ಮಸ್ಟ್ ಅನ್ನೋದು ಖಾರದಪುಡಿ, ಅತಿಥಿ ತಟ್ಟೆಗೆ ಹಾಕ್ಬಾರ್ದು. ಕುಡ್ ಯು ಪ್ಲೀಸ್ ವೇಟ್ ಅನ್ನಿ."

ಹೊರಕೋಣೆಯಿಂದ ಗಂಡ ಕೂಗಿದ: "ನನ್ ಜೊತೆನೂ ಒಂದು ಕುಡ್ ಹಾಕಿ ಮಾತಾಡೋದು ಕಲಿಸೇ ತಂಗಿ, ಈ ಮನೇಲಿ ಬರೀ ಮಸ್ಟು!"

"ಯು ಮೇ ವಾಶ್ ದ ಪ್ಲೇಟ್ಸ್," ಅಂದಳು ಅತ್ತಿಗೆ.

"ಭೇಷ್! ಅಪ್ಪಣೆ ಕೊಡೋಕೂ ಮೇ, ಕೇಳೋಕೂ ಮೇ. ಅದು ನಿಮಗೆ ಬಂತು."

ಕ್ಯಾನ್ ಬಂತು, ಶುಡ್ ಬಂತು. ಮೈಟ್ ಮಾತ್ರ ಗಂಟಲಿಳಿಯಲಿಲ್ಲ.

"ಖಚಿತ ಗೊತ್ತಿಲ್ದಾಗ ಹೇಳೋದು. ಇದ್ರೂ ಇರಬಹುದು ಅನ್ನೋ ಹಾಗೆ."

"ಗೊತ್ತಿಲ್ದಿದ್ರೆ ಬಾಯಿ ಮುಚ್ಕೊಂಡಿರಬೇಕಪ್ಪ," ಅಂದಳು ಅತ್ತಿಗೆ. "ಅದಕ್ಕೊಂದು ಪದ ಬೇರೆ ಕೇಡು!"

ಲಾಂಡ್ರಿಯಲ್ಲಿ 'ಇದ್ದರೂ ಇರಬಹುದು' ನಡೆಯುವುದಿಲ್ಲ. ಒತ್ತುಯಂತ್ರದ ಮುಚ್ಚಳ ಎತ್ತಿದರೆ ಉಗಿ ಆಚೆ ಬದಿಗೆ ನುಗ್ಗುತ್ತದೆ. ಒಮ್ಮೆ ಯಾರೋ ಹೇಳದೆ ಎತ್ತಿ ದೊಡ್ಡಪ್ಪನ ಮೊಣಕೈ ಬೆಂದಿತ್ತು. ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ಎತ್ತುವವರು ಯಂತ್ರದ ಮೇಜಿನ ತಗಡಿನ ಅಂಚನ್ನು ಎರಡು ಸಲ ತಟ್ಟಬೇಕು. ಎದುರಿನವರು ಹಿಂದೆ ಸರಿದು ತಿರುಗಿ ತಟ್ಟಿದ ಮೇಲೆಯೇ ಎತ್ತಬೇಕು. ವರ್ಷಗಟ್ಟಲೆ ಹಾಗೆ ಮಾಡಿ ಅತ್ತಿಗೆಯ ಕೈ ಅವಳನ್ನು ಕೇಳದೆಯೇ ತಟ್ಟುತ್ತಿತ್ತು. ಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗಲೂ ತಟ್ಟುತ್ತಾಳೆಂದು ಗಂಡ ನಗುತ್ತಿದ್ದ.

ಪರೀಕ್ಷೆಯ ದಿನ ರಿಸೆಪ್ಷನ್ ನೋಡಿಕೊಳ್ಳುವ ಮೇಡಂ ಕೌಂಟರಿನ ಆಚೆ ಅತಿಥಿಯಂತೆ ನಿಂತಳು. ನೆಲ ಕನ್ನಡಿಯಂತಿತ್ತು, ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. "ಶುರು ಮಾಡಿ," ಅಂದಳು.

ಅತ್ತಿಗೆಯ ನಾಲಿಗೆಯ ಮೇಲೆ ಮಾತು ಸಿದ್ಧವಾಗಿತ್ತು. ಆದರೆ ಕೈ ಮುಂದಾಗಿ ಕೌಂಟರಿನ ಅಂಚನ್ನು ಟಕ್ ಟಕ್ ಎಂದು ತಟ್ಟಿತು. ಆಮೇಲೆ ಅವಳು ಕಾದಳು. ಮೇಡಂ ತಿರುಗಿ ತಟ್ಟಲಿಲ್ಲ. ಎದುರಿನವರು ತಟ್ಟದೆ ಬಾಯಿ ಹೇಗೆ ತೆರೆಯುವುದು?

"ಮರೆತುಹೋಯ್ತಾ?"

"ಇಲ್ಲ ಮೇಡಂ..." ಅತ್ತಿಗೆ ಕೆಂಪಾದಳು. "ಕೆಳಗೆ ನಾವು ತಟ್ಟಿ ಕೇಳೋದು. ಆ ಅಭ್ಯಾಸ."

"ಇಲ್ಲಿ ತಟ್ಟಿದ್ರೆ ಬೇಗ ಬೇಗ ಅಂತ ಅತಿಥಿನ ಅವಸರ ಮಾಡಿದ ಹಾಗಾಗುತ್ತೆ. ಇನ್ನೊಂದ್ಸಲ ಮಾಡಿ."

ಇನ್ನೊಂದು ಸಲವೂ ಕೈ ಟಕ್ ಟಕ್ ಅಂದಿತು. ಮೇಡಂ ಕೌಂಟರು ನೋಡಿದಳು, ಗಡಿಯಾರ ನೋಡಿದಳು. "ಕಷ್ಟ ಕಣ್ರೀ," ಅಂದಳು, ಬೇಸರವಿಲ್ಲದ ದನಿಯಲ್ಲಿ. ಅದೇ ಹೊತ್ತಿಗೆ ಫೋನು ರಿಂಗಾಯಿತು. ಫೋನಿನ ಹುಡುಗಿ ಊಟಕ್ಕೆ ಹೋಗಿದ್ದಳು. "ಇದನ್ನಾದ್ರೂ ಎತ್ತಿ ನೋಡೋಣ."

ಅತ್ತಿಗೆ ಎತ್ತಿದಳು. ಕೈ ಫೋನಿನ ಪಕ್ಕದಲ್ಲೇ ತಟ್ಟಿತು.

"ಒನ್ ಮಿನಿಟ್," ಅಂದ ಆಚೆಯ ಅತಿಥಿ. "ಸಮ್‌ಒನ್ ಈಸ್ ಅಟ್ ದ ಡೋರ್." ಹೆಜ್ಜೆಯ ಸದ್ದು, ಬಾಗಿಲು ತೆರೆದ ಸದ್ದು, ಮತ್ತೆ ಹೆಜ್ಜೆ. "ಸ್ಟ್ರೇಂಜ್. ನೋಬಡಿ."

ಅತ್ತಿಗೆ ತನ್ನ ಕೈ ನೋಡಿದಳು. ತಟ್ಟಿದ್ದು ತಾನೇ ಎಂದು ಗೊತ್ತಿತ್ತು. ಆದರೆ ಹಾಗೆ ಮುಖಕ್ಕೆ ಹೊಡೆದಂತೆ ಹೇಳುವುದೆಂತು? ಗಂಟಲಿಳಿಯದ ಪದ ಅಲ್ಲೇ ಕಾದಿತ್ತು.

"ಇಟ್ ಮೈಟ್ ಬಿ ಮಿ, ಸರ್," ಅಂದಳು ಮೆಲ್ಲಗೆ. "ಮೈ ಹ್ಯಾಂಡ್. ಸಾರಿ. ಮೇ ಐ ಹೆಲ್ಪ್ ಯು?"

ಆಚೆಯಿಂದ ನಗು ಉಕ್ಕಿತು. ಆತನಿಗೆ ಬೇಕಾಗಿದ್ದದ್ದು ಒಂದು ದಿಂಬು. ಹೇಳಿದ, ಥ್ಯಾಂಕ್ಸ್ ಅಂದ, ಇನ್ನೂ ನಗುತ್ತಲೇ ಫೋನಿಟ್ಟ.

ಮೇಡಂ ಬಾಯಿಗೆ ಅಡ್ಡ ಹಿಡಿದಿದ್ದ ಕೈ ತೆಗೆದಳು. "ಕೌಂಟರು ನಿಮಗಾಗಲ್ಲ. ಫೋನಿನ ಹುಡುಗಿ ಕೌಂಟರಿಗೆ ಬರ್ತಾಳೆ, ನೀವು ಫೋನಿಗೆ ಬನ್ನಿ. ಕೈ ಕೆಳಗೊಂದು ಮೆತ್ತನೆ ಬಟ್ಟೆ ಹಾಸ್ಕೊಳಿ."

"ಬಟ್ಟೆಗೇನೂ ಬರವಿಲ್ಲ ಮೇಡಂ," ಅಂದಳು ಅತ್ತಿಗೆ. ಮೆಟ್ಟಿಲಿಳಿಯುವಾಗ ಕಾಲು ನೆಲಕ್ಕೆ ತಾಗಲಿಲ್ಲ.

ಲಾಂಡ್ರಿಯಲ್ಲಿ ಎಂದಿನ ಗದ್ದಲ, ಎಂದಿನ ಉಗಿ. ದೊಡ್ಡಪ್ಪ ಒಬ್ಬನೇ ಬುಟ್ಟಿಯಿಂದ ಹಾಸುಬಟ್ಟೆ ಎಳೆಯುತ್ತಿದ್ದ. ಅವಳು ಕೆಮ್ಮುತ್ತ ತನ್ನ ಬದಿಗೆ ಬಂದು ನಿಂತಳು. ಹೇಳಿದರೆ ಕೇಳಿಸುವುದಿಲ್ಲ. ಯಂತ್ರದಲ್ಲಿ ಬಟ್ಟೆಯಿರಲಿಲ್ಲ, ಎತ್ತುವುದಕ್ಕೇನೂ ಇರಲಿಲ್ಲ. ಆದರೂ ಅಂಚನ್ನು ಎರಡು ಸಲ ತಟ್ಟಿದಳು.

ದೊಡ್ಡಪ್ಪ ತಲೆಯೆತ್ತಿದ. ಅವಳ ಒಳ್ಳೆಯ ಬಟ್ಟೆ ನೋಡಿದ, ಮುಖ ನೋಡಿದ. ಬೆಂದ ಕಲೆಯ ಮೊಣಕೈಯಿಂದ ಬೆವರೊರೆಸಿಕೊಂಡ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ತಿರುಗಿ ತಟ್ಟಿದ.