ಎಣಿಸಬಾರದ ಮಕ್ಕಳು

ಟಾಡ್ ಬ್ರಾಂಡ್‌ವೋಲ್ಡ್ ನಗುನಗುತ್ತಾ ಆ ಪ್ರಶ್ನೆ ಕೇಳಿದ ಕೂಡಲೇ ಮಾರ್ಲೀನ್ ಕುಚೇರಾಳ ತಲೆಗೆ ಅನುಮಾನದ ಹುಳು ಹೊಕ್ಕಿತು.

"ಅಂದಾಜು ಹೇಳಿ ಸಾಕು. ಕಾಗದಪತ್ರ ಇಲ್ಲದವರ ಮಕ್ಕಳು ನಿಮ್ಮ ಸ್ಕೂಲಲ್ಲಿ ಎಷ್ಟಿದಾರೆ?"

"ನಾವದನ್ನ ಕೇಳಲ್ಲ. ಬರೆದಿಡೋದೂ ಇಲ್ಲ."

"ಗೊತ್ತು, ಗೊತ್ತು. ಆದ್ರೆ ಶಾಸಕರಿಗೆ ಬರೀ ಕಥೆ ಸಾಲಲ್ಲ, ಮಾರ್ಲೀನ್. ಅಂಕಿ ಬೇಕು."

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಎಲ್ಮ್ ಫೋರ್ಕ್ ಊರಿನಲ್ಲಿ ಮಾರ್ಲೀನ್ ಹನ್ನೊಂದು ವರ್ಷದಿಂದ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಊರಿನ ಅರ್ಧ ಜನ ಮಾಂಸದ ಕಾರ್ಖಾನೆಯಲ್ಲಿ ದುಡಿಯುವವರು. ಅವರಲ್ಲಿ ಬಹಳ ಮಂದಿ ಗ್ವಾಟೆಮಾಲಾದ ಬೆಟ್ಟಗಳಿಂದ ಬಂದವರು. ವಲಸೆ ಅಧಿಕಾರಿಗಳು ಶಾಲೆಗಳಿಂದ ದೂರ ಇರಬೇಕೆಂಬ ಹಳೆಯ ಕಟ್ಟಳೆಯನ್ನು ಸರ್ಕಾರ ತೆಗೆದುಹಾಕಿದ ಮೇಲೆ ದಿನಾ ಮೂವತ್ತು ನಲವತ್ತು ಮಕ್ಕಳು ಗೈರುಹಾಜರಾಗುತ್ತಿದ್ದರು. ಅದು ಸಾಲದೆಂಬಂತೆ, ಪ್ರತಿ ಮಗುವಿನ ವಲಸೆಯ ಕಾಗದಪತ್ರವನ್ನು ಶಾಲೆಯೇ ಪರಿಶೀಲಿಸಿ ದಾಖಲಿಸಬೇಕೆಂಬ ಮಸೂದೆಯೊಂದು ರಾಜ್ಯದ ಶಾಸನಸಭೆಗೆ ಬಂದಿತ್ತು. ಅದರ ವಿರುದ್ಧ ಸಾಕ್ಷಿ ಹೇಳಲು ಮಾರ್ಲೀನ್ ಒಪ್ಪಿಕೊಂಡಿದ್ದಳು. ಅವಳನ್ನು ತಯಾರು ಮಾಡಲೆಂದು ಮುಖ್ಯೋಪಾಧ್ಯಾಯರ ಸಂಘವೊಂದು ಟಾಡ್‌ನನ್ನು ಕಳಿಸಿತ್ತು.

ಬೆಳಗ್ಗೆ ಅವನು ಹೇಳಿಕೊಟ್ಟದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅಧಿಕಾರಿ ಬಂದರೆ ಮುಂದಿನ ಕೋಣೆಯಲ್ಲೇ ಕೂರಿಸಿ, ವಾರಂಟಿನಲ್ಲಿ ನ್ಯಾಯಾಧೀಶರ ಸಹಿ ಇದೆಯೇ ನೋಡಿ, ವಕೀಲರಿಗೆ ಫೋನ್ ಮಾಡಿ, ಒಬ್ಬರೇ ಮಾತಾಡಬೇಡಿ. ಇಷ್ಟೆಲ್ಲ ಬಲ್ಲವನು ಕೇಳಬಾರದ್ದನ್ನೇ ಏಕೆ ಕೇಳುತ್ತಾನೆ?

ಊಟದ ಬಿಡುವು ಮುಗಿಸಿ ಬರುವಾಗ, ಆಫೀಸಿನ ಕೌಂಟರಿಗೆ ಒರಗಿ ನಿಂತಿದ್ದ ಟಾಡ್ ಹಾಳೆಯೊಂದನ್ನು ಮಡಚಿ ಕೋಟಿನ ಒಳಜೇಬಿಗೆ ಸೇರಿಸುವುದು ಕಂಡಿತು. ಅವನು ಹೊರಗೆ ಹೋದದ್ದೇ ಮಾರ್ಲೀನ್ ಗುಮಾಸ್ತೆ ರೊಸಾಲ್ಬಾಳನ್ನು ಕೇಳಿದಳು.

"ಏನು ಕೊಟ್ಟೆ ಅವನಿಗೆ?"

"ಇಂಗ್ಲಿಷ್ ಕಲಿಯೋ ಕ್ಲಾಸಿನ ಮಕ್ಕಳ ಪಟ್ಟಿ. ನೀವೇ ಕೊಡೋಕೆ ಹೇಳಿದೀರಿ ಅಂದ್ರಲ್ಲ ಮೇಡಂ?"

"ನಾನಾ?"

ರೊಸಾಲ್ಬಾಳ ಮುಖ ಬಿಳಿಚಿಕೊಂಡಿತು. ವಲಸೆ ಬಂದ ಮನೆಗಳ ಮಕ್ಕಳೇ ತುಂಬಿದ್ದ ಆ ಪಟ್ಟಿಯಲ್ಲಿ ಅವಳ ತಂಗಿಯ ಮಗಳ ಹೆಸರೂ ಇತ್ತು.

ಮಾರ್ಲೀನ್ ಕೋಟು ಕೂಡ ಹಾಕಿಕೊಳ್ಳದೆ ಹಿಮದಲ್ಲಿ ಓಡಿದಳು. ಟಾಡ್ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದ.

"ಆ ಹಾಳೆ ಕೊಡಿ."

"ಹೆಸರೆಲ್ಲ ಬಿಟ್ಟು ಬರೀ ಲೆಕ್ಕ ತಗೋತೀನಿ. ನಾನು ನಿಮ್ಮ ಕಡೆಯವನು ಕಣ್ರೀ!"

"ಯಾವ ಕಡೆಯವರಾದ್ರೂ ಆಗಿರಿ. ಹಾಳೆ ಕೊಡಿ. ಫೋಟೋ ತೆಗೆದಿದೀರಾ?"

"ಇಲ್ಲ."

"ಫೋನ್ ತೋರಿಸಿ."

ಅವನ ಕಿವಿ ಕೆಂಪಾಯಿತು. ಆದರೂ ಹಾಳೆ ಕೊಟ್ಟು, ಫೋನಿನ ಫೋಟೋಗಳನ್ನು ತೋರಿಸಿದ. ಕೆರೆ, ಹಿಡಿದ ಮೀನು, ಮಗಳ ಪದವಿಯ ಟೋಪಿ. ಒಂದು ಗಳಿಗೆ ಮಾರ್ಲೀನ್‌ಗೆ ನಾಚಿಕೆಯಾಯಿತು. ಮರುಗಳಿಗೆಯೇ, ಎಲ್ಲಿಗಾದರೂ ಕಳಿಸಿ ಅಳಿಸಿದ್ದರೆ ಎಂಬ ಯೋಚನೆ ಬಂತು.

ಅವನು ಕೊಟ್ಟಿದ್ದ ವಿಸಿಟಿಂಗ್ ಕಾರ್ಡಿನ ನಂಬರಿಗಲ್ಲ, ತನ್ನ ಹಳೆಯ ಡೈರಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಸಂಘದ ಕಾರ್ಯದರ್ಶಿಯನ್ನು ವಿಚಾರಿಸಿದಳು. ಟಾಡ್ ಅವರ ಮನುಷ್ಯನೇ, ಹಿಂದೆ ಅವನೂ ಶಾಲೆ ನಡೆಸಿದವನು. "ಪಟ್ಟಿ ಕೇಳಿದ್ದು ತಪ್ಪು, ನಾನು ಮಾತಾಡ್ತೀನಿ. ಪಾಪ, ಉತ್ಸಾಹ ಸ್ವಲ್ಪ ಜಾಸ್ತಿ," ಎಂದಳು ಕಾರ್ಯದರ್ಶಿ. ಮಾರ್ಲೀನ್ ಹಾಳೆಯನ್ನು ಚೂರು ಮಾಡುವ ಯಂತ್ರಕ್ಕೆ ಹಾಕಿ, ಕೊನೆಯ ಚೂರು ಬೀಳುವವರೆಗೂ ನಿಂತು ನೋಡಿದಳು.

ಮುಂದಿನ ಮಂಗಳವಾರ ರಾಜ್ಯದ ರಾಜಧಾನಿ ಲಿಂಕನ್‌ನಲ್ಲಿ ಮಸೂದೆಯ ವಿಚಾರಣೆಗೆ ಶಾಸಕರ ಸಮಿತಿ ಸೇರಿತು. ಅಲ್ಲಿನ ನಿಯಮದಂತೆ ತನ್ನ ಹೆಸರು, ಊರು ಬಿಡಿಸಿ ಹೇಳಿ ಮಾರ್ಲೀನ್ ತನ್ನ ಮೂರು ನಿಮಿಷದ ಮಾತು ಮುಗಿಸಿದಳು. ಬಿಳಿ ಮೀಸೆಯ ಶಾಸಕರೊಬ್ಬರು ಮೈಕಿನತ್ತ ಬಾಗಿದರು.

"ನಿಮ್ಮಲ್ಲಿ ಅಂಥ ಮಕ್ಕಳು ಎಷ್ಟಿದಾರೆ ಅಂತ ಹೇಳಲೇ ಇಲ್ವಲ್ಲ ಮೇಡಂ?"

ಹಿಂದಿನ ಸಾಲಿನಲ್ಲಿ ಟಾಡ್ ಕೂತಿದ್ದ. ಅವಳು ತಿರುಗಿ ನೋಡಲಿಲ್ಲ.

"ನಾನೂರ ಹದಿನೆಂಟು ಮಕ್ಕಳಿದಾರೆ."

"ಅಷ್ಟೂ ಜನಕ್ಕೆ ಕಾಗದ ಇಲ್ವಾ?"

"ಗೊತ್ತಿಲ್ಲ ಸರ್. ನಾನು ಅದನ್ನ ಕೇಳಿದ್ರೆ, ಆ ದಿನದಿಂದ ಮಕ್ಕಳು ನನ್ನ ಹತ್ರ ಬಾಯೇ ಬಿಡಲ್ಲ. ಹೊಟ್ಟೆನೋವು ಅಂತಾನೂ ಹೇಳಲ್ಲ."

ಶಾಸಕರು ಮೈಕಿನಿಂದ ಹಿಂದೆ ಸರಿದರು. ಆ ವರ್ಷ ಮಸೂದೆ ಸಮಿತಿಯಿಂದ ಮುಂದೆ ಹೋಗಲಿಲ್ಲ. ಆದರೆ ಅಂದು ಯಾರಿಗೂ ಅದು ಗೊತ್ತಿರಲಿಲ್ಲ. ಮೊಗಸಾಲೆಯಲ್ಲಿ ಟಾಡ್ ಕೈ ಚಾಚಿ, "ಅಂಕಿ ಇಲ್ಲದೆಯೂ ಆಯ್ತು ನೋಡಿ," ಎಂದ. ಅವಳು ಕೈಕುಲುಕಿದಳು, ಕಣ್ಣು ಮಾತ್ರ ಅವನ ಕೋಟಿನ ಜೇಬಿನ ಮೇಲೇ ಇತ್ತು.

ಮರುದಿನ ಬೆಳಗ್ಗೆ ಶಾಲೆಯ ಬಾಗಿಲಲ್ಲಿ ಗ್ವಾಟೆಮಾಲಾದ ಎಲೂಲಿಯಾ ಎಂಬ ತಾಯಿ ಕಾದಿದ್ದಳು. ಕಾರ್ಖಾನೆಯ ರಬ್ಬರ್ ಬೂಟು ಇನ್ನೂ ಕಾಲಲ್ಲಿತ್ತು. ಎರಡನೇ ತರಗತಿಯ ಮಗಳು ಅವಳ ಕೈ ಹಿಡಿದಿದ್ದಳು.

"ನಿಮ್ಮನ್ನ ಟಿವಿಯಲ್ಲಿ ನೋಡಿದ್ವಿ. ನಮ್ಮ ಹೆಸರು ಹೇಳಿದ್ರಾ?"

"ಇಲ್ಲ. ಯಾರದ್ದೂ ಹೇಳಿಲ್ಲ."

"ಊರಿನ ಹೆಸರು?"

ಮಾರ್ಲೀನ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹೇಳಿದೆ. ಹೇಳಲೇಬೇಕಿತ್ತು."

ಎಲೂಲಿಯಾ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮೊದಲ ಸಲ ನೋಡುವವಳ ಹಾಗೆ. ಮಗಳ ಜಾಕೆಟ್ಟಿನ ಜಿಪ್ ಗದ್ದದವರೆಗೆ ಎಳೆದು, ಅವಳನ್ನು ಕರೆದುಕೊಂಡು ಬಂದ ದಾರಿಯಲ್ಲೇ ಹೊರಟುಹೋದಳು.

ಹುಡುಗಿ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದಳು, ಅಡುಗೆಮನೆಯ ಪಕ್ಕದ ಬಾಗಿಲಿಂದ. ಮಾರ್ಲೀನ್ "ಶುಭೋದಯ" ಎಂದದ್ದಕ್ಕೆ ಉತ್ತರ ಕೊಡದೆ ತರಗತಿಗೆ ನಡೆದಳು.