ಗಾಡಿ ಊರಲ್ಲಿದೆಯಂತೆ

ಮುರಾರಿಯವರು ಶನಿವಾರ ಸಂಜೆ ಬಂದು ಗಾಡಿಯ ಕೀಲಿಕೈಯನ್ನು ದೇವರ ಪಟದ ಮುಂದೆ ಇಟ್ಟರು. ತಾಯಿಯ ಕಾಲಿನ ಬಾವು ಒತ್ತಿ ನೋಡಿದರು, ಅರ್ಧ ಲೋಟ ಚಹಾ ಕುಡಿದರು, ಕೋಪರಖೈರಣೆಯಲ್ಲಿ ಹೋಟೆಲು ಬಿಟ್ಟು ಬಂದಿದ್ದೇನೆ ಎಂದು ಎದ್ದರು. ಹೊಸ ಗಾಡಿ ಬಂದಿದೆ, ಹಳೆಯದು ಇನ್ನು ಈ ಮನೆಯದ್ದು, ಅಮ್ಮನನ್ನು ಡಯಾಲಿಸಿಸಿಗೆಂದು ಲೋಕಲ್ ರೈಲಿನಲ್ಲಿ ಎಳೆದುಕೊಂಡು ಹೋಗುವುದು ಬೇಡ, ಸೋಮವಾರ ನಾನೇ ಬಂದು ಅಶ್ಮಿತಾಳ ಪಕ್ಕದಲ್ಲಿ ಕೂರುತ್ತೇನೆ, ಠಾಣೆಯ ದಾರಿ ಅವಳ ಕೈಗೆ ಹತ್ತಲಿ. ಇಷ್ಟನ್ನು ಬಾಗಿಲಲ್ಲಿ ನಿಂತು, ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು. ತಮ್ಮ ಕೀರ್ತನ್ ತೀರಿಕೊಂಡ ಮೇಲೆ ಈ ಮನೆಯಲ್ಲಿ ಹೇಳಬೇಕಾದದ್ದನ್ನೆಲ್ಲ ಅವರು ಬಾಗಿಲಲ್ಲೇ ಹೇಳುವುದು.

ಅವರು ಹೋದ ಮೇಲೆ ಅಶ್ಮಿತಾ ಕೆಳಗಿಳಿದು ಗಾಡಿ ನೋಡಿದಳು. ಬಿಳಿ ಬಣ್ಣದ ಸಣ್ಣ ಕಾರು, ತೊಳೆದು ಒರೆಸಿ ತಂದಿದ್ದರು. ಎಡಗಡೆಯ ಮುಂದಿನ ಬಾಗಿಲು ತೆರೆದು ಕೂತಳು. ಮೂಗಿಗೆ ಬಡಿದದ್ದು ಮುಗ್ಗಲು ವಾಸನೆ. ನೀರು ನಿಂತು ಕೊಳೆತ ಮಣ್ಣಿನ ವಾಸನೆ. ಅವಳು ಬಾಗಿಲು ಹಾಕದೆ ಬಹಳ ಹೊತ್ತು ಹಾಗೇ ಕೂತಳು. ಆ ವಾಸನೆಯ ಅರ್ಥ ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು, ಅಥವಾ ಗೊತ್ತಾಯಿತೆಂದು ಅವಳು ಎಣಿಸಿದಳು.

ಮುಂಬಯಿ ಮುಳುಗಿದ ಆ ಜುಲೈ ಇಪ್ಪತ್ತಾರರ ಮಳೆಗೆ ಲೋಕಲುಗಳು ನಿಂತುಹೋದಾಗ ಅವಳ ಗಂಡ ಕೀರ್ತನ್ ಠಾಣೆಯ ಆಫೀಸಿನಲ್ಲಿದ್ದ. ಸಂಜೆ ಯಾವುದೋ ಅಂಗಡಿಯ ಫೋನಿನಿಂದ ಮೊದಲು ಅಣ್ಣನಿಗೆ ಮಾಡಿದ, ಆಮೇಲೆ ಮನೆಗೆ ಮಾಡಿದ. "ಅಣ್ಣನ ಗಾಡಿ ಊರಲ್ಲಿದೆಯಂತೆ. ನಾನು ನಡೀತೇನೆ," ಎಂದ. ಅಷ್ಟರಲ್ಲಿ ಲೈನು ಕಡಿಯಿತು. ಹಳಿಯ ಮೇಲೆ, ಹಳಿ ಮುಳುಗಿದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಮರುದಿನ ಡೊಂಬಿವಲಿಯ ಈ ಮನೆ ಮುಟ್ಟಿದ. ಮೊಣಕಾಲ ಕೆಳಗೆ ಒಂದು ಗೀರುಗಾಯ ಬಿಟ್ಟರೆ ಮೈಗೆ ಏನೂ ಆಗಿರಲಿಲ್ಲ. ಆಮೇಲೆ ಜ್ವರ ಬಂತು, ಕಣ್ಣು ಹಳದಿಯಾಯಿತು. ಇಲಿಜ್ವರ ಎಂದರು. ಗಣಪತಿ ಕೂರುವ ಮೊದಲೇ ಅವನು ಹೋದ.

'ಅಂತೆ' ಎನ್ನುವುದು ತೀರ ಸಣ್ಣ ಮಾತು. ಬೇರೆಯವರು ಹೇಳಿದ್ದನ್ನು ಹಾಗೇ ದಾಟಿಸುವಾಗಲೂ ಅಂತೆ, ಹೇಳಿದ್ದರ ಮೇಲೆ ನಂಬಿಕೆ ಇಲ್ಲದಾಗಲೂ ಅಂತೆ. ಕೀರ್ತನ್ ಹೇಳಿದ್ದು ಯಾವ ಅಂತೆ? ಒಂದೂವರೆ ವರ್ಷದಿಂದ ಅಶ್ಮಿತಾ ಆ ಒಂದು ಮಾತನ್ನು ಮನಸ್ಸಿನಲ್ಲಿ ತಿರುವಿಹಾಕಿ ಕೇಳುತ್ತಿದ್ದಳು. ಕೇಳಿ ಕೇಳಿ ಅವನ ದನಿಯೇ ಸವೆದುಹೋಗಿತ್ತು. ಗಾಡಿ ಇದ್ದಿದ್ದರೂ ಆ ನೀರಿನಲ್ಲಿ ಠಾಣೆಯ ತನಕ ಬರುತ್ತಿರಲಿಲ್ಲ, ಅದು ಅವಳಿಗೆ ತಿಳಿಯದ್ದಲ್ಲ. ಬಾರದಿದ್ದರೆ ಬೇಡ. ಮುರಾರಿಯವರು ಇದ್ದ ಗಾಡಿಯನ್ನು ಇಲ್ಲ ಎಂದರೇ ಎಂಬುದಷ್ಟೇ ಅವಳಿಗೆ ಬೇಕಾಗಿದ್ದದ್ದು.

ಸೋದರಮಾವ ಧರ್ಮಪಾಲರು ಕರಾವಳಿಯ ಊರಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ, ಗಾಡಿ ಆ ಕೆಲಸಕ್ಕೆ ಹೋಗಿದೆ ಎಂದು ಮುರಾರಿಯವರು ಆಮೇಲೆ ಹೇಳಿದ್ದುಂಟು. ಧರ್ಮಪಾಲ ಮಾವನನ್ನೇ ಕೇಳಬಹುದಿತ್ತು. ಕೇಳಿದ್ದರೆ, ಕೇಳಿದಳು ಎಂಬ ಸುದ್ದಿ ಸಂಜೆಯೊಳಗೆ ಕೋಪರಖೈರಣೆಗೆ ಮುಟ್ಟುತ್ತಿತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದಳು. ಆದರೆ ಒಂದು ಮಾತ್ರ ಎಲ್ಲರಿಗೂ ಗೊತ್ತಿದ್ದದ್ದು: ಆ ದಿನ ಮುರಾರಿಯವರ ಕಟ್ಟಡದ ಕೆಳಗೆ ಕಡಲ ಹಿನ್ನೀರಾದ ಖಾಡಿ ಸೊಂಟದ ತನಕ ಏರಿ, ನಿಲ್ಲಿಸಿದ್ದ ಗಾಡಿಗಳೆಲ್ಲ ಮುಳುಗಿದ್ದವು. ಈ ಗಾಡಿ ಇಲ್ಲಿದ್ದಿದ್ದರೆ ಅದೂ ಮುಳುಗಿರಲೇಬೇಕು.

ಅಂಬರನಾಥದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಅಶ್ಮಿತಾಳ ಜೊತೆ ಕೆಲಸ ಮಾಡುವ ಪೂನಂ ವಿಜಾಪುರದ ಕಡೆಯವಳು. ಅವಳ ಗಂಡ ಸಿದ್ಧೇಶ್ವರನಿಗೆ ಕಲ್ಯಾಣದಲ್ಲಿ ಗಾಡಿಗಳ ಸೀಟು ಕವರಿನ ಅಂಗಡಿ. ಆ ಮಳೆಯಲ್ಲಿ ಮುಳುಗಿದ ಗಾಡಿಗಳನ್ನು ತೊಳೆದು, ಒಣಗಿಸಿ, ಅತ್ತರು ಹೊಡೆದು ಮಾರಿದವರ ಕಥೆಗಳನ್ನು ಪೂನಂ ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಹೇಳುತ್ತಿದ್ದಳು. ಹೊರಗೆ ಎಷ್ಟೇ ಉಜ್ಜಿದರೂ ಡೋರ್ ಪ್ಯಾಡಿನ ಹಿಂದೆ, ಅಂದರೆ ಬಾಗಿಲಿನ ಒಳಮೈಗೆ ಹೊದಿಸಿದ ರಟ್ಟಿನ ಹಲಗೆಯ ಹಿಂದೆ, ನೀರು ನಿಂತ ಗೆರೆ ಉಳಿದೇ ಉಳಿಯುತ್ತದೆ ಎಂದು ಅವಳೇ ಹೇಳಿದ್ದು. ಅಶ್ಮಿತಾ ಅವಳಿಗೆ ಫೋನು ಮಾಡಿ, ಗುರುತಿನವರೊಬ್ಬರ ಗಾಡಿ ಎಂದು ಸುಳ್ಳು ಹೇಳಿ, ಪ್ಲಾಸ್ಟಿಕ್ ಬಟನುಗಳು ಕಚ್ಚಿ ಹಿಡಿದ ಪ್ಯಾಡನ್ನು ಮುರಿಯದೆ ತೆಗೆಯುವುದು ಹೇಗೆಂದು ಕೇಳಿದಳು. ಪೂನಂ ಗಂಡನನ್ನು ಕೇಳಿ ಕೇಳಿ ಹೇಳಿದಳು.

"ಜಗ್ಗಬ್ಯಾಡವಾ. ಜಗ್ಗಿದ್ಯೋ, ಬಟನ್ ಅಲ್ಲೇ ಉಳೀತಾವ, ರಟ್ಟು ಹರಕೊಂಡು ಕೈಗೆ ಬರತೈತಿ. ಬಿಸಿಲಾಗ ನಿಲ್ಲಸು, ಮೆತ್ತಗಾಗಲಿ. ಆಮ್ಯಾಲೆ ಒಂದೊಂದ ಬಟನ್ ಬುಡಕ್ಕ ಕೈ ಹಾಕಿ ಎಬ್ಬಸು. ಮಲಗಿದ ಕೂಸಿನ ಕೆಳಗಿಂದ ಸೆರಗು ತಗೀತೀವಲ್ಲ, ಹಂಗ."

ಭಾನುವಾರ ಮಧ್ಯಾಹ್ನ ಬಿಸಿಲು ಕಟ್ಟಡದ ಅಂಗಳಕ್ಕೆ ಬಿದ್ದ ಮೇಲೆ ಅಶ್ಮಿತಾ ಸ್ಕ್ರೂಡ್ರೈವರನ್ನೂ ಹಳೆಯ ಪಂಚೆಯ ತುಂಡನ್ನೂ ತೆಗೆದುಕೊಂಡಳು. ಕಬ್ಬಿಣದ ಮೊನೆ ತಾಗಿದರೆ ಗುರುತು ಉಳಿಯುತ್ತದೆ, ಮರದ್ದೇನಾದರೂ ಬೇಕು ಎಂದು ಪೂನಂ ಹೇಳಿದ್ದಳು. ಅಡಿಗೆಮನೆಯಲ್ಲಿ ದೋಸೆ ಮಗುಚುವ ಮರದ ಸಟ್ಟುಗವಿತ್ತು. ಅದನ್ನು ದುಪಟ್ಟಾದೊಳಗೆ ಇಟ್ಟುಕೊಂಡು ಚಪ್ಪಲಿ ಮೆಟ್ಟುವಾಗ ಸುಂದರಿ ಅತ್ತೆ ಮಂಚದಿಂದಲೇ ಕೇಳಿದರು.

"ಸಟ್ಟುಗ ಎಲ್ಲಿಗೆ?"

ಗಾಡಿ ವಾಸನೆ ಬರುತ್ತದೆ, ಬಾಗಿಲು ಬಿಚ್ಚಿ ಒಣಗಿಸುತ್ತೇನೆ ಎಂದಳು ಅಶ್ಮಿತಾ. ಅತ್ತೆ ಪಕ್ಕದ ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಅವಳ ಹಿಂದೆಯೇ ಇಳಿದು ಬಂದರು. ವಾಚ್‌ಮನ್ನನ ಪ್ಲಾಸ್ಟಿಕ್ ಸ್ಟೂಲನ್ನು ಬಾಗಿಲ ಪಕ್ಕಕ್ಕೆ ಎಳೆದು ಕೂತರು. ಇಬ್ಬರಿದ್ದರೆ ಒಬ್ಬರಿಗೆ ಹಿಡಿದುಕೊಳ್ಳಲಿಕ್ಕಾಗುತ್ತದೆ ಎಂದರು.

ಗಾಜು ಇಳಿಸುವ ಹಿಡಿಯನ್ನು ಮೊದಲು ತೆಗೆಯಬೇಕಿತ್ತು. ಅದರ ಹಿಂದೆ ಪಂಚೆಯ ತುಂಡನ್ನು ತೂರಿಸಿ, ಮಜ್ಜಿಗೆ ಕಡೆಯುವವರ ಹಾಗೆ ಆಚೆ ಈಚೆ ಎಳೆದಳು. ಎಳೆದು ತೋಳು ಸೋತ ಮೇಲೆ ಒಳಗಿನ ತಂತಿ ಚಿಮ್ಮಿ ಎಲ್ಲೋ ಬಿತ್ತು, ಹಿಡಿ ಕೈಗೆ ಬಂತು. ತಂತಿಯನ್ನು ಅತ್ತೆಯೇ ಹುಡುಕಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಕೈಯಿಡುವ ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿ, ಅಶ್ಮಿತಾ ಪ್ಯಾಡಿನ ಕೆಳಗಿನ ಅಂಚಿಗೆ ಸಟ್ಟುಗ ತೂರಿಸಿದಳು.

"ಮೂಲೆಯಿಂದ ಹೋಗು. ನಡುವಿಗೆ ಕೈ ಹಾಕಿದ್ರೆ ದೋಸೆಯೂ ಹರೀತದೆ," ಎಂದರು ಅತ್ತೆ.

ಮೊದಲನೆಯ ಬಟನು ಟಕ್ಕೆಂದು ಬಿಟ್ಟಿತು. ಎರಡನೆಯದೂ ಬಿಟ್ಟಿತು. ಮೇಲಿನ ಗ್ಯಾಲರಿಯಿಂದ ಜೋಶಿ ಕಾಕು ಬಗ್ಗಿ, ಅತ್ತೆ-ಸೊಸೆ ಗ್ಯಾರೇಜ್ ಇಟ್ಟಿರಾ, ನಮ್ಮವರ ಸ್ಕೂಟರನ್ನೂ ಇಳಿಸಲಾ ಎಂದು ಮರಾಠಿಯಲ್ಲಿ ಚುಡಾಯಿಸಿದರು. ಅತ್ತೆ ತಲೆಯೆತ್ತದೆ, "ಉಂದೀರ್ ಗೇಲಾ ಆತ್," ಎಂದುಬಿಟ್ಟರು. ಇಲಿ ಒಳಗೆ ಹೋಗಿದೆ ಎಂದು. ಆ ಮನೆಯವರ ಬಾಯಲ್ಲಿ ಇಲಿ ಎಂಬ ಮಾತು ಬಾರದೆ ಒಂದೂವರೆ ವರ್ಷವಾಗಿತ್ತು. ಅತ್ತೆಗೂ ಅದು ಹೇಳಿದ ಮೇಲೆಯೇ ತಿಳಿಯಿತು.

ಆಮೇಲಿನ ಬಟನಿಗೆ ಅಶ್ಮಿತಾ ಅವಸರ ಮಾಡಿದಳು. ಕೆಳಗಿನ ರಟ್ಟು ಒದ್ದೆಯಾಗಿತ್ತು. ಬಟನು ಬಾಗಿಲಲ್ಲೇ ಉಳಿದು, ಸುತ್ತಲಿನ ರಟ್ಟು ನೆನೆದ ಹಪ್ಪಳದ ಹಾಗೆ ಹರಿದುಬಂತು. ಅವಳು ಸಟ್ಟುಗ ಕೆಳಗಿಟ್ಟಳು. ನಾಳೆ ಮುರಾರಿ ಭಾವ ಇದೇ ಬಾಗಿಲ ಪಕ್ಕದಲ್ಲಿ ಕೂರುವವರು. ಆಮೇಲೆ ಸಟ್ಟುಗವನ್ನು ಮತ್ತೆ ಎತ್ತಿಕೊಂಡು ಉಳಿದ ಬಟನುಗಳನ್ನು ಒಂದೊಂದಾಗಿ ಬಿಡಿಸಿದಳು, ಪ್ಯಾಡನ್ನು ಮೇಲಕ್ಕೆ ಎತ್ತುವುದೊಂದೇ ಬಾಕಿ. ಕೈ ಮುಂದೆ ಹೋಗಲಿಲ್ಲ.

"ಎತ್ತು," ಎಂದರು ಅತ್ತೆ. "ನೀನು ಎಂತ ಹುಡುಕ್ತಾ ಇದ್ದೀ ಅಂತ ನನಗೆ ಗೊತ್ತುಂಟು."

ಅಶ್ಮಿತಾ ಅವರನ್ನು ನೋಡಿದಳು.

"ಅವನು ಫೋನು ಮಾಡಿದಾಗ ನಾನು ನಿನ್ನ ಪಕ್ಕದಲ್ಲೇ ಇದ್ದದ್ದಲ್ವಾ? ಮುರಾರಿಯನ್ನು ಕೇಳುವ ಅಂತ ಎಷ್ಟು ಸಲ ಬಾಯಿಗೆ ಬಂದಿತ್ತು. ಹೆತ್ತವಳು ಕೇಳುವ ಮಾತಾ ಅದು? ಕೇಳ್ಲಿಲ್ಲ. ಅವನ ಮನೆಯ ಊಟ ಮಾತ್ರ ಗಂಟಲಲ್ಲಿ ಇಳಿಯುದಿಲ್ಲ ನನಗೆ."

ಒಂದೇ ಅಡಿಗೆಮನೆಯಲ್ಲಿ ಎದುರುಬದುರು ಕೂತು ಕಾಯಿ ತುರಿದು, ಬೇಳೆ ಆರಿಸಿದ ಅಷ್ಟೂ ದಿನ ಇಬ್ಬರೂ ಒಂದೇ ಮಾತನ್ನು ನುಂಗುತ್ತಿದ್ದರು. ಅಶ್ಮಿತಾ ಪ್ಯಾಡನ್ನು ಮೇಲಕ್ಕೆತ್ತಿ ಬಿಡಿಸಿದಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲೆ ಮಲಗಿಸಿಕೊಂಡರು.

ಹಿಂದೆ ಕಪ್ಪು ಅಂಟಿನಿಂದ ಹಚ್ಚಿದ ಪ್ಲಾಸ್ಟಿಕ್ ಹಾಳೆಯಿತ್ತು. ಅದರ ಮೇಲೆ ಗೆರೆ ಕಾಣಲಿಲ್ಲ. ಇರಲೇ ಇಲ್ಲವೆಂದು ಅವಳು ನಂಬಲಿಲ್ಲ, ತೊಳೆದಿರಬಹುದು. ಹಾಳೆಯ ಕೆಳಗಿನ ಮೂಲೆ ಬಿಡಿಸಿ ಬಾಗಿಲಿನ ಹೊಟ್ಟೆಯೊಳಗೆ ಇಣುಕಿದಳು. ತಳದಲ್ಲಿ ನೀರು ನಿಂತಿತ್ತು. ಸಟ್ಟುಗ ಇಳಿಸಿ ಗೋರಿದಳು. ಬಂದದ್ದು ಮಣ್ಣು. ಕಪ್ಪು.

ಖಾಡಿಯ ಕೆಸರಿನ ಬಣ್ಣ ಅವಳಿಗೆ ಗೊತ್ತಿತ್ತು. ಕೀರ್ತನ್‌ನ ಪ್ಯಾಂಟನ್ನು ಒಗೆದವಳು ಅವಳೇ. ಹಾಗಾದರೆ ಇಷ್ಟೇ, ಎಂದುಕೊಂಡಳು. ಸಿಟ್ಟು ಬರಲಿಲ್ಲ. ಬಹಳ ದೂರ ಹೊತ್ತು ತಂದ ಚೀಲವನ್ನು ಕೊನೆಗೆ ಒಂದು ಕಡೆ ಇಟ್ಟ ಹಾಗಾಯಿತು.

ಅತ್ತೆ ಸಟ್ಟುಗವನ್ನು ಅವಳ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದರು. ಬೆರಳಿನಿಂದ ಒಂದಿಷ್ಟು ಎತ್ತಿ ಪಂಚೆಯ ತುಂಡಿನ ಮೇಲೆ ಎಳೆದರು. ಬಿಳಿ ಬಟ್ಟೆಯ ಮೇಲೆ ಕುಂಕುಮ ತೀಡಿದಂತಹ ಗೆರೆ ಬಿತ್ತು. ಒದ್ದೆ ಮಣ್ಣು ನೆರಳಿನಲ್ಲಿ ಯಾವುದಾದರೂ ಕಪ್ಪಾಗಿಯೇ ಕಾಣುತ್ತದೆ.

"ಮುರಕಲ್ಲಿನ ಮಣ್ಣು, ನಮ್ಮ ಊರಿನ ಕೆಂಪು ಕಲ್ಲಿದ್ದು," ಎಂದರು ಅತ್ತೆ. "ಇದು ಇಲ್ಲಿದ್ದಲ್ಲ ಮಾರಾಯ್ತಿ. ಧರ್ಮಪಾಲ ಕಲ್ಲುಕೋರೆಗೆ ಓಡಿಸಿದ್ದು."

ಅಶ್ಮಿತಾ ಪ್ಲಾಸ್ಟಿಕ್ ಹಾಳೆಯನ್ನು ಪೂರ್ತಿ ಬಿಡಿಸಿ ಮೇಲಿನಿಂದ ಕೆಳಗಿನ ತನಕ ನೋಡಿದಳು. ಕಬ್ಬಿಣದ ಮೇಲೆ ಕಾರ್ಖಾನೆಯ ಬಣ್ಣ ಹೊಸತರ ಹಾಗೇ ಇತ್ತು. ಎಲ್ಲೂ ಗೆರೆಯಿಲ್ಲ, ತಳದಲ್ಲಿ ಮುಷ್ಟಿಯಷ್ಟು ಕೆಂಪು ಮಣ್ಣು ಮಾತ್ರ. ಊರಿನ ಮಳೆಯಲ್ಲಿ ಆ ಮಣ್ಣು ಇಳಿದು, ನೀರು ಹೋಗುವ ತೂತನ್ನು ಕಟ್ಟಿ, ಆಮೇಲೆ ಬಿದ್ದ ಪ್ರತಿ ಮಳೆಯ ನೀರನ್ನೂ ಹಿಡಿದಿಟ್ಟಿತ್ತು. ವಾಸನೆ ಅದರದ್ದು. ಅತ್ತೆ ವಾಚ್‌ಮನ್ನನ ಹಿಡಿಸೂಡಿ ಪೊರಕೆಯಿಂದ ಒಂದು ಕಡ್ಡಿ ಮುರಿದು ಕೊಟ್ಟರು. ಅವಳು ಬಾಗಿಲ ಅಡಿಗೆ ಬಗ್ಗಿ ತೂತಿಗೆ ಚುಚ್ಚಿದಳು. ಕೆಂಪು ನೀರು ತೊಟ್ಟಿಕ್ಕಿ, ಆಮೇಲೆ ಎಳೆಯಾಗಿ ಸಿಮೆಂಟಿನ ಮೇಲೆ ಹರಿಯಿತು.

ಇಬ್ಬರೂ ಅದು ನಿಲ್ಲುವ ತನಕ ನೋಡಿದರು. ಹಗುರವಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಆ ರಾತ್ರಿಯಲ್ಲಿ ಅವಳು ನೋಡುತ್ತಿದ್ದದ್ದು ಮುರಾರಿಯವರನ್ನು, ಫೋನು ಹಿಡಿದು ಇಲ್ಲ ಎನ್ನುವ ಮುರಾರಿಯವರನ್ನು. ಈಗ ಅಲ್ಲಿ ಅವರಿರಲಿಲ್ಲ. ನೀರು ಮಾತ್ರ ಇತ್ತು, ಅದರಲ್ಲಿ ಕೀರ್ತನ್ ಒಬ್ಬನೇ ನಡೆಯುತ್ತಿದ್ದ.

ಪ್ಯಾಡನ್ನು ಕೂರಿಸಿ, ಬಟನುಗಳನ್ನು ಅಂಗೈಯಿಂದ ಗುದ್ದಿ ಒಳಗೆ ಹಾಕಿದಳು. ಅತ್ತೆ ಸೆರಗಿನ ಗಂಟು ಬಿಚ್ಚಿ ತಂತಿ ಕೊಟ್ಟರು. ರಟ್ಟು ಹರಿದ ಕಡೆ ಮಾತ್ರ ಏನು ಮಾಡಿದರೂ ಕಚ್ಚಲಿಲ್ಲ. ಒಂದು ಮೂಲೆ ಬೆರಳು ತೂರುವಷ್ಟು ಎದ್ದೇ ಉಳಿಯಿತು.

ಸೋಮವಾರ ಬೆಳಿಗ್ಗೆ ಮುರಾರಿಯವರು ಹೇಳಿದ ಹೊತ್ತಿಗೆ ಬಂದರು. ಅಶ್ಮಿತಾ ಓಡಿಸಿದಳು, ಅವರು ಎಡಗಡೆ ಕೂತರು, ಅತ್ತೆ ಹಿಂದೆ. ಕಲ್ಯಾಣ್-ಶೀಳ್ ರಸ್ತೆಯ ಹೊಂಡಗಳು ಶುರುವಾದದ್ದೇ ಪ್ಯಾಡು ಕಟಕಟ ಎನ್ನತೊಡಗಿತು.

"ಇದು ಎಂತ ಶಬ್ದ? ನನ್ನ ಹತ್ರ ಇರುವಾಗ ಇರಲಿಲ್ಲ," ಎಂದರು ಮುರಾರಿ. ಎದ್ದ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಅಶ್ಮಿತಾ ಎದುರಿನ ಲಾರಿಯನ್ನು ನೋಡುತ್ತಿದ್ದಳು. ಹಿಂದಿನಿಂದ ಅತ್ತೆ ಮಾತಾಡಿದರು.

"ಇಲಿ ಹೊಕ್ಕಿದೆ ಅಂತ ಬಿಚ್ಚಿ ನೋಡಿದೆವು. ನಾನು ಮತ್ತು ಅವಳು."

ಮುರಾರಿಯವರು ಬೆರಳನ್ನು ಹಿಂದೆಗೆದುಕೊಂಡರು.

"ಸಿಕ್ಕಿತಾ?"

"ಇಲ್ಲ. ಇರಲೇ ಇಲ್ಲ. ಊರಿನ ಮಣ್ಣು ಇತ್ತು, ಅಷ್ಟೆ."

ಅವರು ತಿರುಗಿ ತಾಯಿಯ ಮುಖ ನೋಡಲಿಲ್ಲ. ಎದುರಿನ ರಸ್ತೆಯನ್ನೇ ನೋಡುತ್ತಾ, ಯಾರಿಗೆ ಹೇಳಿದ್ದೆಂದು ತಿಳಿಯದ ಹಾಗೆ, "ಒಂದು ಮಾತು ಕೇಳಬಹುದಿತ್ತು," ಎಂದರು.

ಪ್ಯಾಡು ಕಟಕಟ ಎನ್ನುತ್ತಲೇ ಇತ್ತು. ಶೀಳ್ ಫಾಟಾ ತಿರುವಿನಲ್ಲಿ ಗೇರು ಇಳಿಸುವಾಗ ಅಶ್ಮಿತಾ ಮೆಲ್ಲಗೆ ಹೇಳಿದಳು.

"ಗಾಡಿ ಊರಲ್ಲಿತ್ತು, ಭಾವ."

ಅಂತೆ ಸೇರಿಸಲಿಲ್ಲ.

"ಹೂಂ," ಎಂದರು ಮುರಾರಿ. "ಊರಲ್ಲಿತ್ತು."

ಆಮೇಲೆ ಅವರು ಎಡಗೈಯನ್ನು ಚಾಚಿ, ಎದ್ದ ಮೂಲೆಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದರು. ಶಬ್ದ ನಿಂತಿತು. ಮುಂಬ್ರಾದ ಹತ್ತಿರ ಹೋಟೆಲಿನಿಂದ ಫೋನು ಬಂದಾಗ ಅದನ್ನು ಬಲಗೈಯಲ್ಲೇ ತೆಗೆದು ಮಾತಾಡಿದರು. ಠಾಣೆ ಮುಟ್ಟುವ ತನಕ ಎಡಗೈ ಅಲ್ಲೇ ಇತ್ತು.