ತೊಟ್ಟಿಲು ಬಿಚ್ಚಿದ ಪುಟ

ಹದಿನಾಲ್ಕು ವರ್ಷದಿಂದ ನಮ್ಮ ಸಂಶೋಧನಾ ಕೇಂದ್ರದಲ್ಲಿ ಒಂದು ಮಗು ಮೊದಲು ಸಾಯುತ್ತಿತ್ತು, ಆಮೇಲೆ ಹುಟ್ಟುತ್ತಿತ್ತು. ಯಾರಿಗೂ ಅನುಮಾನ ಬಂದಿರಲಿಲ್ಲ. ನನಗಂತೂ ಬರಲು ಸಾಧ್ಯವೇ ಇರಲಿಲ್ಲ, ನಾನು ಅದರ ಮೇಲೆ ನಾಲ್ಕು ವರ್ಷ ಕೂತು ಮಹಾಪ್ರಬಂಧ ಬರೆದವಳು.

ವಿಷಯ, ಒಬ್ಬ ಅಮೆರಿಕನ್ ಲೇಖಕನ ಸಣ್ಣಕಥೆಗಳಲ್ಲಿ ನವ್ಯ ತಂತ್ರಗಳು. ಲೇಖಕನ ಹೆಸರು ಬೇಡ. ಪಾಪ, ಅವನದೇನೂ ತಪ್ಪಿಲ್ಲ. ಅವನ ಒಂದು ಕಥೆಯಲ್ಲಿ ಮುದುಕ ಬಡಗಿಯೊಬ್ಬ ಮಗಳ ಕೂಸಿಗೆಂದು ತೊಟ್ಟಿಲು ಮಾಡುತ್ತಾನೆ. ಕೂಸು ಸಾಯುತ್ತದೆ. ಕೊನೆಗೆ ಅದೇ ಮರದಿಂದ ಸ್ಟೂಲು ಮಾಡಿಕೊಂಡು ಅದರ ಮೇಲೆ ಕೂತು ಷೂ ಕಟ್ಟಿಕೊಳ್ಳುತ್ತಾನೆ. ಆದರೆ ನಾವು ಓದುತ್ತಿದ್ದ ಪ್ರತಿಯಲ್ಲಿ ಮೊದಲು ಎಲ್ಲಿಯ ಮರದ್ದೆಂದು ತಿಳಿಯದ ಸ್ಟೂಲು ಬರುತ್ತಿತ್ತು, ಆಮೇಲೆ ಸಮಾಧಿ, ಆಮೇಲೆ ಮಗಳ ಮದುವೆ, ಕೊನೆಗೆ ಕೂಸು ತೊಟ್ಟಿಲಲ್ಲಿ ನಗುತ್ತಿತ್ತು. ವಾಕ್ಯ ಅರ್ಧಕ್ಕೆ ನಿಂತು ಇನ್ನೆಲ್ಲೋ ಶುರುವಾದರೆ ಅದಕ್ಕೆ ಪ್ರಜ್ಞಾಪ್ರವಾಹ ಎನ್ನುತ್ತಿದ್ದೆವು. ಕೂಸು ಸತ್ತ ಮೇಲೆ ತೊಟ್ಟಿಲು ಏನಾಯಿತೆಂದು ಎಲ್ಲೂ ಇರಲಿಲ್ಲ, ಅದಕ್ಕೆ ಮೌನತಂತ್ರ ಎನ್ನುತ್ತಿದ್ದೆವು. ನನ್ನ ಮಾರ್ಗದರ್ಶಕರಾದ ರೇಣುಕಾಪ್ರಸಾದ್ ಸಾರ್ ಇನ್ನೂ ಮುಂದೆ ಹೋಗಿ, ಪಶ್ಚಿಮದವರೂ ಕೊನೆಗೆ ಪುನರ್ಜನ್ಮವನ್ನು ಒಪ್ಪಿಕೊಂಡರು ಎಂದು ಲೇಖನ ಬರೆದು, ನಾಲ್ಕು ವಿಚಾರಗೋಷ್ಠಿಗಳಲ್ಲಿ ಶಾಲು ಹೊದೆಸಿಕೊಂಡಿದ್ದರು.

ಪುಸ್ತಕವನ್ನು ಕಣ್ಣಲ್ಲಿ ಕಂಡವರು ಸಾರ್ ಒಬ್ಬರೇ, ಅವರೂ ಅದನ್ನು ಜೆರಾಕ್ಸಿಗೆ ಕೊಟ್ಟ ಮೇಲೆ ಮತ್ತೆ ತೆರೆದಿರಲಿಲ್ಲ. ಉಳಿದವರಿಗೆಲ್ಲ ತುಮಕೂರಿನ ಅಂಚಿನ ಮರಳೂರಿನ ಅಂಜಿನಪ್ಪನವರ ಜೆರಾಕ್ಸ್ ಅಂಗಡಿಯೇ ಗತಿ. 'ಆರ್‌ಪಿ ಸಾರ್ ಸೆಟ್' ಎಂದರೆ ಸಾಕು, ಅಂಜಿನಪ್ಪ ಕಪಾಟಿನಿಂದ ಮಾಸ್ಟರ್ ಕಾಪಿ ತೆಗೆದು ಎರಡು ನಿಮಿಷದಲ್ಲಿ ಪಿನ್ನು ಹೊಡೆದು ಕೊಡುತ್ತಿದ್ದರು. ಹಾಳೆಯ ಅಂಚು ಕತ್ತರಿಸಿಹೋಗಿ ಪುಟಸಂಖ್ಯೆ ಕಾಣುತ್ತಿರಲಿಲ್ಲ. ಪುಟಸಂಖ್ಯೆ ಇಲ್ಲದಿರುವುದೂ ಒಂದು ತಂತ್ರ ಎಂದು ನನ್ನ ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿಯಿದೆ.

ನಾನು ಕುಣಿಗಲ್‌ನ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಡಾಕ್ಟರೇಟ್ ಇಲ್ಲದಿದ್ದರೆ ಜೂನ್‌ನಿಂದ ಬರಬೇಡಿ ಎಂದು ಅಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಮೌಖಿಕ ಪರೀಕ್ಷೆ ಶುಕ್ರವಾರ ಎಂದು ಗೊತ್ತಾಯಿತು. ಪರೀಕ್ಷಕರಾಗಿ ಬರುವ ಚನ್ನಬಸವಯ್ಯನವರು ಮೂಲ ಪುಸ್ತಕ ಮೇಜಿನ ಮೇಲಿರಬೇಕೆಂದು ಪತ್ರ ಬರೆದಿದ್ದರು.

"ಬುಕ್ಕಾ?" ಸಾರ್ ತಲೆ ಕೆರೆದುಕೊಂಡರು. "ಅದು ಹಾಗಲವಾಡೀಲಿ ನಮ್ಮ ಮಾವನ ಮನೆ ಅಟ್ಟದ ಮೇಲಿದೆ ಕಣಮ್ಮ ಸುಮನಾ. ನೀನೇ ಹೋಗಿ ತಗೊಂಬಂದ್ಬಿಡು."

ಹೋದೆ. ಕೊಬ್ಬರಿ ಚೀಲಗಳ ಹಿಂದಿನಿಂದ ಪುಸ್ತಕ ಹುಡುಕಿ ತೆಗೆದು, ಧೂಳು ಒರೆಸಿ, ಗುಬ್ಬಿಗೆ ಬಂದು ತುಮಕೂರಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು, ಓದತೊಡಗಿದೆ. ಕಥೆ ನೆಟ್ಟಗೆ ನಡೆಯುತ್ತಿತ್ತು. ಮದುವೆ, ತೊಟ್ಟಿಲು, ಕೂಸು, ಸಾವು. ಯಾವ ವಾಕ್ಯವೂ ಅರ್ಧಕ್ಕೆ ನಿಲ್ಲಲಿಲ್ಲ. ಹದಿನೈದನೇ ಪುಟ ನಾನು ಹಿಂದೆಂದೂ ನೋಡದ ಪುಟ. ಮುದುಕ ತೊಟ್ಟಿಲನ್ನು ಒಡೆಯುವುದಿಲ್ಲ, ಬಿಚ್ಚುತ್ತಾನೆ. ಒಂದೊಂದೇ ಮೊಳೆ ಕಿತ್ತು, ಸೊಟ್ಟಗಾದದ್ದನ್ನು ತಟ್ಟಿ ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಾನೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಾಳೆ.

ನಾನು ಬಸ್ಸಿನಲ್ಲೇ ಅತ್ತೆ. ನಾಲ್ಕು ವರ್ಷದಲ್ಲಿ ಈ ಕಥೆ ನನ್ನನ್ನು ಅಳಿಸಿದ್ದು ಅದೇ ಮೊದಲು. ಆಮೇಲೆ ಘಟನೆಗಳ ಹಿಂದುಮುಂದನ್ನೇ ಹೊಗಳಿ ಬರೆದ ನನ್ನ ಮೂರನೇ ಅಧ್ಯಾಯ 'ಕಾಲಭಂಜನೆ' ನೆನಪಾಗಿ ಅಳು ನಿಂತಿತು.

ನೇರ ಮರಳೂರಿಗೆ ಹೋದೆ. ಅಂಜಿನಪ್ಪ ಒಂದು ಕ್ಷಣವೂ ಮುಚ್ಚಿಡಲಿಲ್ಲ.

"ಅವತ್ತು ಸಾರ್ ಬುಕ್ಕು ಜೆರಾಕ್ಸ್ ಮಾಡಿ ಮುಗ್ಸೋ ಹೊತ್ಗೆ ಕರೆಂಟ್ ಹೋಯ್ತು ಮೇಡಂ. ಹಾಳೆ ಎಲ್ಲ ಸಾಲಾಗಿ ಜೋಡ್ಸಿದ್ದೆ. ಪಟ್ ಅಂತ ಕರೆಂಟ್ ಬಂತು, ಫ್ಯಾನ್ ತಿರುಗ್ತು, ಎಲ್ಲಾ ಹಾರೋದ್ವು. ಒಂದು ಹಾಳೆ ಎಲ್ಲೋಯ್ತೋ ಸಿಗ್ಲೇ ಇಲ್ಲ, ಉಳಿದದ್ದು ಕೈಗೆ ಸಿಕ್ಕಂಗೆ ಜೋಡ್ಸಿ ಪಿನ್ ಹೊಡ್ದೆ."

"ಸಾರ್‌ಗೆ ಹೇಳ್ಬಾರ್ದಿತ್ತಾ ಅಂಜಿನಪ್ಪೋರೆ?"

"ಅವ್ರು ಓದ್ತಾರಲ್ಲ, ಓದುವಾಗ ಸರಿ ಮಾಡ್ಕೋತಾರೆ ಅಂತ ಸುಮ್ನೆ ಬುಟ್ಟೆ."

ಸಾರ್‌ಗೆ ಪುಸ್ತಕ ತೋರಿಸಿದೆ. ಬಹಳ ಹೊತ್ತು ಪುಟ ತಿರುಗಿಸಿದರು, ಕನ್ನಡಕ ತೆಗೆದರು, ಮತ್ತೆ ಹಾಕಿದರು. "ನೋಡಮ್ಮ, ನಿನ್ನ ಚಾಪ್ಟರ್ ಹೋದ್ರೆ ನನ್ನ ಪೇಪರ್ರೂ ಹೋಗುತ್ತೆ. ಬುಕ್ಕು ಬ್ಯಾಗಲ್ಲೇ ಇರ್ಲಿ. ಕೇಳಿದ್ರೆ ರಟ್ಟು ತೋರ್ಸು, ಸಾಕು."

ಶುಕ್ರವಾರ ಚನ್ನಬಸವಯ್ಯನವರು ಕಾಲಭಂಜನೆಯನ್ನು ಬಾಯಿ ತುಂಬ ಹೊಗಳಿದರು. ಸುಮ್ಮನೆ ನಮಸ್ಕಾರ ಮಾಡಿ ಕೂತಿದ್ದರೆ ಮುಗಿಯುತ್ತಿತ್ತು. ಆದರೆ ಅವರು, "ತೊಟ್ಟಿಲು ಏನಾಯ್ತು ಅಂತ ಲೇಖಕ ಹೇಳೋದೇ ಇಲ್ವಲ್ಲ, ಎಂಥಾ ಸಂಯಮ!" ಎಂದಾಗ ನನಗೆ ತಡೆಯಲಾಗಲಿಲ್ಲ.

"ಹೇಳ್ತಾನೆ ಸಾರ್," ಎಂದು ಪುಸ್ತಕ ತೆಗೆದು ಹದಿನೈದನೇ ಪುಟವನ್ನು ಗಟ್ಟಿಯಾಗಿ ಓದಿದೆ. ಫ್ಯಾನಿಗೆ ಹಾಳೆ ಹಾರಿದ್ದನ್ನೂ ಹೇಳಿದೆ. ರೇಣುಕಾಪ್ರಸಾದ್ ಸಾರ್ ಕಿಟಕಿಯ ಕಡೆ ತಿರುಗಿದರು.

ಚನ್ನಬಸವಯ್ಯನವರು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹತ್ತು ವರ್ಷದ ಹಿಂದೆ ಅವರೂ ಸಾರ್ ಹತ್ತಿರ ಅದೇ ಸೆಟ್ ಇಸಿದುಕೊಂಡು ಹೋಗಿದ್ದರು, ಅದರ ಮೇಲೆ ಅವರ ನಾಲ್ವರು ಶಿಷ್ಯರು ಡಾಕ್ಟರ್ ಆಗಿದ್ದರು. ಇದು ನನಗೆ ಗೊತ್ತಾದದ್ದು ಆಮೇಲೆ.

"ಬೈಂಡಿಂಗ್ ತಪ್ಪಾಗಿದೆ," ಎಂದರು ಗಂಭೀರವಾಗಿ.

"ಹೌದು ಸಾರ್, ಜೆರಾಕ್ಸಲ್ಲಿ..."

"ಜೆರಾಕ್ಸಲ್ಲಲ್ಲಮ್ಮ, ಈ ಬುಕ್ಕಲ್ಲಿ. ಅಮೆರಿಕದ ಪ್ರಿಂಟಿಂಗ್ ಪ್ರೆಸ್ಸಿನೋರಿಗೆ ಇಂಥಾ ಕಾಂಪ್ಲೆಕ್ಸ್ ಕಥೆ ಅರ್ಥವಾಗಿಲ್ಲ, ಸಲೀಸಾಗಿ ಜೋಡ್ಸಿಬಿಟ್ಟಿದಾರೆ. ಇಷ್ಟು ದೊಡ್ಡ ಲೇಖಕ ಇಷ್ಟು ನೇರವಾಗಿ ಬರೀತಾನಾ? ಈ ಪ್ರತಿ ದೋಷಪೂರಿತ ಅಂತ ಒಂದು ಸಾಲು ಸೇರ್ಸಿ. ಡಿಗ್ರಿಗೆ ನನ್ನ ಅಡ್ಡಿಯಿಲ್ಲ. ಒಪ್ತೀರಾ?"

ಕುಣಿಗಲ್ ಕಣ್ಣ ಮುಂದೆ ಬಂತು, ಜೂನ್ ಬಂತು. "ಒಪ್ತೀನಿ ಸಾರ್," ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಚೌಚೌ ಭಾತ್ ಬಂತು. ನಾನು ಪುಸ್ತಕವನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡೆ.

ಆ ಒಂದು ಸಾಲು ಸೇರಿಸಿ ಚಿನ್ನದಕ್ಷರದ ಬೈಂಡಿಂಗ್ ಮಾಡಿಸಲು ಮತ್ತೆ ಮರಳೂರಿಗೆ ಹೋದೆ. ಅಂಜಿನಪ್ಪ ಅಭಿನಂದನೆ ಹೇಳಿದರು. ಆಮೇಲೆ ಕೇಳಿದರು. "ಮೇಡಂ, ಆ ಕೂಸು ಆಮೇಲೆ ಏನಾಯ್ತು? ಮತ್ತೆ ಹುಟ್ಟುತ್ತೆ ಅಂತ ಸಾರ್ ಯಾರಿಗೋ ಹೇಳ್ತಿದ್ರು."

"ಇಲ್ಲ, ಹುಟ್ಟಲ್ಲ. ಹೋಯ್ತು ಅಂದ್ರೆ ಹೋಯ್ತು. ಅವ್ರಜ್ಜ ತೊಟ್ಟಿಲು ಬಿಚ್ಚಿ ಮೊಳೆ ಎತ್ತಿಡ್ತಾನೆ."

ಅಂಜಿನಪ್ಪ ಕೈ ಒರೆಸಿಕೊಂಡರು. "ಸತ್ತೋದ ಕೂಸನ್ನ ಇಷ್ಟು ವರ್ಷ ನಗಿಸ್ಕೊಂಡು ಕೂತಿದ್ನಾ ನಾನು? ಕೊಡಿ ಇಲ್ಲಿ ಬುಕ್ಕು."

"ಬೇಡ ಅಂಜಿನಪ್ಪೋರೆ. ಬುಕ್ಕೇ ತಪ್ಪು ಅಂತ ತೀರ್ಮಾನ ಆಗಿದೆ. ನಾನೂ ಒಪ್ಕೊಂಡಿದೀನಿ."

"ನೀವು ಓದಿರೋರು, ಒಪ್ಕೊಳ್ಳಿ. ತಪ್ಪು ನಂದು. ನಂಗೆ ಆಗಲ್ಲ."

ಕಪಾಟಿನಿಂದ ಹಳೆಯ ಮಾಸ್ಟರ್ ಕಾಪಿ ತೆಗೆದು ಹರಿದುಹಾಕಿದರು. ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಿ, ಈ ಸಲ ಅಂಚು ಬಿಡದ ಹಾಗೆ, ಮೊದಲ ಪುಟದಿಂದ ಒಂದೊಂದೇ ತೆಗೆದರು. ಡಾಕ್ಟರ್ ಸುಮನಾ ಮಾಡಿದ ಕೆಲಸ ಇಷ್ಟೇ. ಫ್ಯಾನಿಗೆ ಹಾರದಂತೆ ಹಾಳೆಗಳ ಮೇಲೆ ಎರಡೂ ಕೈ ಊರಿಕೊಂಡು ನಿಂತಿದ್ದಳು.